ಗಾಲಿ ಕಟ್ಟಿ ನೋಡಿದ ಕಾರು

ಚನ್ನಗಿರಿ

ಪರದೇಶಕ್ಕೆ ಹೋಗಿಬಂದವರೆಲ್ಲ ಅಲ್ಲಿನ ರಸ್ತೆ ಕನ್ನಡಿಯಂತಿತ್ತು, ಜನ ದೇವರಂಥವರು ಎಂದು ಬರೆಯುತ್ತಾರೆ. ನಾನು ಇಂಥದ್ದನ್ನು ನಂಬಿದವಳಲ್ಲ, ಹೋಗಿಬಂದ ಮೇಲಂತೂ ನಂಬುವುದೇ ಇಲ್ಲ. ಶ್ರೀಲಂಕಾದ ರಸ್ತೆಯಲ್ಲೂ ಗುಂಡಿಗಳಿವೆ. ನಮ್ಮ ನ್ಯಾಮತಿ ರಸ್ತೆಯ ಗುಂಡಿಗಳಷ್ಟು ಹಳೆಯವಲ್ಲ, ಅಷ್ಟೆ. ಜನರೂ ನಮ್ಮಂಥ ಜನರೇ. ಇಷ್ಟಕ್ಕೂ ನಾನು ಹೋದದ್ದು ದೇಶ ನೋಡಲಿಕ್ಕಲ್ಲ, ಒಂದು ವಾದ ಗೆಲ್ಲಲಿಕ್ಕೆ.

ವಾದ ಇದು. ನನ್ನ ಅಕ್ಕ ಗಿರಿಜೆಯ ಗಂಡ ಜಯದೇವ ಹೊನ್ನಾಳಿಯವರು. ಲಂಕೆಯ ಕ್ಯಾಂಡಿ ಪಟ್ಟಣದ ಹತ್ತಿರ ಅಣೆಕಟ್ಟೆ ಕಟ್ಟುವ ಕಡೆ ಎಂಜಿನಿಯರು. ಅಕ್ಕ ಮದುವೆಗೆ ಮುಂಚೆ ಜಗಳೂರಿನ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದವಳು. ಕ್ಯಾಂಡಿಯ ಒಂದು ಹೆಣ್ಣುಮಕ್ಕಳ ಶಾಲೆಯವರು ಅವಳನ್ನು ಕೆಲಸಕ್ಕೆ ಕರೆದಿದ್ದರು, ಹೊಸ ಟರ್ಮ್ ಶುರುವಾಗುವುದರೊಳಗೆ ಉತ್ತರ ಹೇಳಬೇಕಿತ್ತು. ಮನೆ ಗುಡ್ಡದ ನೆತ್ತಿಯಲ್ಲಿ, ಶಾಲೆ ಕೆಳಗೆ ಕೆರೆಯ ದಡದಲ್ಲಿ, ನಡುವೆ ಬಸ್ಸಿಲ್ಲ. ಹೇಗೂ ಒಂದು ಕಾರು ಕೊಳ್ಳುವುದಿತ್ತು. ಭಾವನಿಗೆ ಹಿಂದೆ ಡಿಕ್ಕಿ ಇರುವ ಉದ್ದನೆಯ ಸೆಡಾನ್ ಬೇಕು, ಅದಕ್ಕೊಬ್ಬ ಡ್ರೈವರೂ ಬೇಕು. ಡ್ರೈವರು ಕಾರು ಎರಡೂ ಬೆಳಗಾಗುವ ಮೊದಲೇ ಭಾವನ ಜೊತೆ ಅಣೆಕಟ್ಟೆಗೆ ಹೋದರೆ ಅಕ್ಕನ ಕೆಲಸ ಅಲ್ಲಿಗೆ ಮುಗಿಯಿತು. ಅಕ್ಕನಿಗೆ ತಾನೇ ಓಡಿಸಿಕೊಂಡು ಹೋಗುವ ಚಿಕ್ಕ ಕಾರು ಬೇಕು. ಗಂಡಹೆಂಡಿರಿಬ್ಬರೂ ಒಪ್ಪಿದ್ದ ಸಂಗತಿ ಒಂದೇ: ರುದ್ರಪ್ಪ ಮಾವ ಬಂದು ನೋಡಿ ಹೂಂ ಅನ್ನಬೇಕು.

ರುದ್ರಪ್ಪ ಮಾವ ನಮ್ಮ ಅವ್ವನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಿರಿಯರು ಅವರೇ. ನಲ್ಲೂರಿನಿಂದ ಸವಳಂಗದವರೆಗೆ ಯಾರು ಎತ್ತು ಕೊಳ್ಳುವುದಿದ್ದರೂ ಮಾವನನ್ನು ಮುಂದಿಟ್ಟುಕೊಂಡೇ ಹೋಗುತ್ತಿದ್ದರು. ಕಾರಿನ ವಿಷಯಕ್ಕೆ ಅವರನ್ನು ಕರೆಸುವುದರಲ್ಲಿ ಏನು ತರ್ಕವಿದೆ ಎಂದು ನಾನು ಕೇಳಿದೆ.

"ಮಾವ, ಅಲ್ಲಿರೋದು ಎತ್ತಲ್ಲ, ಕಾರು."

"ಎರಡೂ ಎಳಿಯೋವೇ ಅಲ್ಲೇನೇ ವಕೀಲಮ್ಮ?"

ನಾನು ಆಗ ದಾವಣಗೆರೆಯಲ್ಲಿ ಲಾ ಓದುತ್ತಿದ್ದೆ. ಚರ್ಚಾ ಸ್ಪರ್ಧೆಯ ಷೀಲ್ಡುಗಳನ್ನು ಅವ್ವ ಅಡುಗೆಮನೆಯ ನಾಗಂದಿಗೆ ಮೇಲೆ ಜೋಡಿಸಿಟ್ಟಿದ್ದಳು. ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ಮಾವನ ಜೊತೆಗೆ ನನ್ನನ್ನು ಕಳಿಸಿದರು. ಅಕ್ಕನ ಪಕ್ಷ ಗೆಲ್ಲಿಸಿಯೇ ಬರುತ್ತೇನೆಂದು ಹಟ ತೊಟ್ಟು ನಾನು ಹೊರಟೆ. ಆದರೆ ಅಕ್ಕನ ಪಕ್ಷ ಹಿಡಿದೆನೆಂದು ಚಿಕ್ಕ ಕಾರಿನ ಪಕ್ಷವನ್ನೂ ಕಣ್ಣುಮುಚ್ಚಿ ಹಿಡಿಯುವವಳಲ್ಲ. ಅದು ಕೆಟ್ಟ ಕಾರಾಗಿದ್ದರೆ ಹಾಗೆಂದೇ ಹೇಳುವುದೆಂದು ಬಸ್ಸು ಹತ್ತುವಾಗಲೇ ತೀರ್ಮಾನಿಸಿದ್ದೆ.

ತಲೈಮನ್ನಾರ್

ರಾಮೇಶ್ವರದಲ್ಲಿ ಹಡಗು ಹತ್ತಿದರೆ ತಲೈಮನ್ನಾರಿನಲ್ಲಿ ಲಂಕೆ. ಸಮುದ್ರದ ಬಗ್ಗೆ ನಾನು ಏನನ್ನೂ ಬರೆಯಲಾರೆ. ನನ್ನ ತಲೆ ಬಹುಪಾಲು ಕೆಳಗೇ ಇತ್ತು. ಮಾವ ಮಾತ್ರ ಕಂಬಿ ಹಿಡಿದು ನಿಂತು ಕಾರಿನ ಬಗ್ಗೆ ಮಾತಾಡುತ್ತಲೇ ಇದ್ದರು. ಚಿಕ್ಕ ಕಾರಿಗೆ ಹಿಂದುಗಡೆ ಡಿಕ್ಕಿ ಇರುವುದಿಲ್ಲ, ಬೆನ್ನೇ ಬಾಗಿಲಾಗಿ ಮೇಲಕ್ಕೆ ತೆರೆಯುತ್ತದೆ, ಅದಕ್ಕೆ ಹ್ಯಾಚ್‌ಬ್ಯಾಕ್ ಅನ್ನುತ್ತಾರೆ ಎಂದು ನಾನು ಊರಲ್ಲೇ ವಿವರಿಸಿದ್ದೆ.

"ಡಿಕ್ಕಿ ಇಲ್ದ ಕಾರು ಬಾಲ ಇಲ್ದ ಎತ್ತಿದ್ದಂಗೆ," ಅಂದರು ಮಾವ. "ನೊಣ ಹೊಡಕಳಾಕೂ ಬರಂಗಿಲ್ಲ."

"ಕಾರಿಗೆ ನೊಣ ಕೂರಲ್ಲ ಮಾವ."

"ಮಾತಿಗೆ ಹೇಳ್ದೆ ಕಣೇ. ಎಲ್ಲಾದ್ಕೂ ಲಾಯರ್ ನೋಟೀಸ್ ಕೊಡ್ತೀಯಲ್ಲ."

ಆಚೆ ದಡದಲ್ಲಿ ಸುಂಕದ ಅಧಿಕಾರಿ ನಮ್ಮ ಗಂಟು ಬಿಚ್ಚಿಸಿದ. ಖಡಕ್ ಜೋಳದ ರೊಟ್ಟಿಯ ಅಡಕಲನ್ನು ಬೆರಳಿಂದ ಕುಟ್ಟಿ, "ಇದೇನು, ಹಂಚೇ?" ಎಂದು ಕೇಳಿದ. ಊಟ ಎಂದೆ. ಆತ ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ಮಾವ ಒಂದು ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಉದುರಿಸಿ, ಅವನ ಮುಂದೆಯೇ ಕಟಕಟ ತಿಂದು ತೋರಿಸಿದರು. ಆತ ಸೀನಿದ. ಆಮೇಲೆ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೊಂದು ರೊಟ್ಟಿ ಕೇಳಿ ಪಡೆದು, ಕಾಗದ ಹಾರದಂತೆ ಫೈಲಿನ ಮೇಲೆ ಇಟ್ಟುಕೊಂಡ.

ಕೊಲಂಬೊ

ನಮ್ಮಲ್ಲಿ ಕಾರು ಅಂದರೆ ಎಷ್ಟು ಜಾತಿ? ದುಂಡಗಿರುವುದು ಒಂದು, ಸ್ವಲ್ಪ ಕಡಿಮೆ ದುಂಡಗಿರುವುದು ಇನ್ನೊಂದು. ಮದುವೆಗೂ ಅದೇ, ಎಲೆಕ್ಷನ್ನಿಗೂ ಅದೇ. ಕೊಲಂಬೊ ಸ್ಟೇಷನ್ನಿನ ಹೊರಗೆ ನಿಂತರೆ ಕಣ್ಣು ಹಾಯುವವರೆಗೂ ಜಪಾನಿನ ಪುಟ್ಟ ಪುಟ್ಟ ಕಾರುಗಳು, ಯಾರೋ ಬೆಂಕಿಪೊಟ್ಟಣಗಳನ್ನು ಚೆಲ್ಲಿದ ಹಾಗೆ. ಅದರಲ್ಲಿ ಮೇಷ್ಟ್ರು ಹೋಗುತ್ತಿದ್ದರು, ಮೀನು ಮಾರುವವ ಹೋಗುತ್ತಿದ್ದ, ಸ್ಟಿಯರಿಂಗ್ ಹಿಡಿದ ಹೆಂಗಸರೂ ಹೋಗುತ್ತಿದ್ದರು. ನಾನು ಅವರನ್ನು ಮಾವನಿಗೆ ಬೆರಳು ಮಾಡಿ ತೋರಿಸಿದೆ.

"ಕಂಡೀನಿ ಬಿಡು," ಅಂದರು.

ಟೀ ಅಂಗಡಿಗೆ ಹೋದೆವು. ಕೂತೊಡನೆ, ನಾವು ಕರೆಯುವ ಮೊದಲೇ ಮಾಣಿ ಒಂದು ದೊಡ್ಡ ತಟ್ಟೆ ತಂದಿಟ್ಟ. ಬನ್ನು, ವಡೆ, ಕರಿದ ಉಂಡೆ, ಸುರುಳಿ ಸುತ್ತಿದ ಏನೇನೋ. ನಾವು ಏನೂ ಕೇಳಿರಲಿಲ್ಲ. ಮಾವ ಮೆಚ್ಚಿಕೊಂಡರು. "ನೋಡೇ, ಗುರ್ತಿಲ್ಲ ಪರಿಚಯ ಇಲ್ಲ, ಎಷ್ಟು ಮರ್ಯಾದಿ ಮಾಡ್ತಾರೆ. ಒಂದೂ ಬಿಡಬಾರ್ದು, ಬೇಜಾರು ಮಾಡ್ಕಂತಾರೆ." ಅವರ ಕೈ ಕರಿದ ಉಂಡೆಯ ಹತ್ತಿರ ಹೋಗುವಷ್ಟರಲ್ಲಿ ಅದರಲ್ಲಿ ಮೀನಿದೆಯೇ ಎಂದು ಮಾಣಿಯನ್ನು ಕೇಳಿದೆ. ಅದರಲ್ಲಿ ಮೀನು, ಸುರುಳಿಯಲ್ಲಿ ಮಾಂಸ, ವಡೆಯ ನೆತ್ತಿಗೆ ಒಂದು ಇಡೀ ಸೀಗಡಿ. ಮಾವ ಕೈಯನ್ನು ಬಿಸಿ ತಾಗಿದವರಂತೆ ಹಿಂದೆಗೆದು ಎದೆಯ ಲಿಂಗ ಮುಟ್ಟಿಕೊಂಡರು. ಕೇಳದೆ ತಂದಿಡುವುದು ಮರ್ಯಾದೆಗಲ್ಲ, ಅಲ್ಲಿನ ಪದ್ಧತಿಯೇ ಹಾಗೆ. ತಟ್ಟೆ ತುಂಬ ಇಡುತ್ತಾರೆ, ತಿಂದದ್ದಕ್ಕಷ್ಟೇ ಬಿಲ್ಲು, ಉಳಿದದ್ದು ಪಕ್ಕದ ಮೇಜಿಗೆ. ನಾವು ತಲಾ ಒಂದೊಂದು ಬನ್ನು ತಿಂದೆವು. ಉಳಿದದ್ದನ್ನು ನಮ್ಮೆದುರಿಗೇ ಇನ್ನೊಬ್ಬರು ಸಂತೋಷವಾಗಿ ತಿಂದರು. ಚನ್ನಗಿರಿಯ ಹೋಟೆಲಿನಲ್ಲಿ ಹೀಗೆ ಮಾಡಿದರೆ ಮಧ್ಯಾಹ್ನದೊಳಗೆ ತಟ್ಟೆಯೂ ಉಳಿಯುವುದಿಲ್ಲ ಎಂಬುದು ಮಾವನ ಅಭಿಪ್ರಾಯ. ಅದನ್ನು ನಾನು ಪ್ರಶ್ನಿಸಲಿಲ್ಲ.

ಕ್ಯಾಂಡಿ

ಕ್ಯಾಂಡಿ ಒಂದು ಬಟ್ಟಲು. ತಳದಲ್ಲಿ ಕೆರೆ, ಸುತ್ತ ಗುಡ್ಡ. ಅಕ್ಕನ ಮನೆಗೆ ಹೋಗುವ ರಸ್ತೆ ಬಟ್ಟಲಿನ ಅಂಚಿಗೆ ಅಂಟಿಕೊಂಡು ಏರುತ್ತದೆ. ಮಾವ ನಡುದಾರಿಯಲ್ಲಿ ಎರಡು ಸಲ ಕೂತರು. ಅಕ್ಕ ಮಾತ್ರ ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ನಮ್ಮ ಟ್ರಂಕು ಹಿಡಿದು ಮಾತಾಡುತ್ತಲೇ ಹತ್ತಿದಳು. ಭಾವ ರಜೆಯ ದಿನಗಳಲ್ಲಿ ಕೆಲಸದ ಜಾಗದ ಜೀಪಿನಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದ್ದರು, ಲೈಸೆನ್ಸೂ ಆಗಿತ್ತು. ಭಾವ ಕೆಟ್ಟವರಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಎದುರು ಪಕ್ಷದವರನ್ನು ಕೆಟ್ಟವರೆಂದು ತೋರಿಸಿ ಗೆಲ್ಲುವುದು ಸೋಮಾರಿಗಳ ವಾದ.

"ನಾನೇನು ಓಡಿಸಬ್ಯಾಡ ಅಂದೀನಾ?" ಅಂದರು ಭಾವ. "ಬಯಲಾಗೆ ಓಡಿಸೋದು ಬ್ಯಾರೆ, ಈ ಏರು ಬ್ಯಾರೆ. ಹಿಂದಕ್ಕೆ ಜಾರಿದ್ರೆ ನೇರ ಕೆರೀಗೆ. ಆಮೇಲೆ ಸೈಟಿಗೆ ದೊಡ್ಡೋರು ಬರ್ತಾರೆ. ಅವ್ರನ್ನ ಡಬ್ಬಿಯಾಗೆ ಕೂರಿಸಾಕೆ ಆಗ್ತೈತಾ?"

"ಅವ್ರು ವರ್ಷಕ್ಕೆ ಎಷ್ಟು ಸಲ ಬರ್ತಾರೆ ಭಾವ? ಶಾಲೆ ದಿನಾ ಇರ್ತದೆ."

"ನೋಡ್ರಿ ಮಾವ, ಇನ್ನೂ ಟ್ರಂಕ್ ಇಳಿಸಿಲ್ಲ, ಶುರು ಹಚ್ಕಂಡ್ಲು."

ಮರುದಿನ ಕಾರಂಗಡಿಗೆ ಹೋದೆವು. ಅಲ್ಲಿದ್ದ ಪೆರೇರಾ ಎಂಬ ಮಾರಾಟಗಾರ ಕೈಜೋಡಿಸಿ "ಆಯುಬೋವನ್" ಎಂದ. ಆಯುಷ್ಯ ವೃದ್ಧಿಸಲಿ ಎಂದು ಅರ್ಥವಂತೆ. ಕಾರು ಮಾರುವವನ ಬಾಯಲ್ಲಿ ಆ ಮಾತು ನನಗೆ ಎಚ್ಚರಿಕೆಯಂತೆ ಕೇಳಿಸಿತು. ಒಂದೇ ಕಂಪನಿಯ ಮೂರು ಕಾರು ನಿಂತಿದ್ದವು. ಮೂತಿ ಮೂರಕ್ಕೂ ಒಂದೇ. ಅಕ್ಕತಂಗಿಯರಂತೆ, ಹಿಂದಿನಿಂದ ನೋಡಿದರೆ ಮಾತ್ರ ಬೇರೆ.

ನನ್ನ ಪರೀಕ್ಷೆಯ ಫಲಿತಾಂಶ ಹೀಗಿದೆ. ಮೊದಲನೆಯದು ಹಳದಿ, ಎರಡೇ ಬಾಗಿಲಿನ ಹ್ಯಾಚ್‌ಬ್ಯಾಕ್. ಎಲ್ಲಕ್ಕಿಂತ ಅಗ್ಗ, ನೋಡಲು ಚೆಂದ. ನಾನು ಊರಿನಿಂದ ಇದರ ಪರವಾಗಿಯೇ ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಬಗ್ಗಿಸಿ, ತಾವೂ ಬಗ್ಗಿ, ಕೋಳಿಗೂಡಿಗೆ ಹೊಕ್ಕಂತೆ ನುಸುಳಬೇಕು. ಆರಡಿ ಎತ್ತರದ ಭಾವ ನುಸುಳಿದರು, ಹೊರಗೆ ಬರಲಾಗಲಿಲ್ಲ. ಪೆರೇರಾ ಒಂದು ಕೈ, ನಾನೊಂದು ಕೈ ಹಿಡಿದು ಎಳೆಯಬೇಕಾಯಿತು. ನನ್ನ ಸಿದ್ಧ ಭಾಷಣವನ್ನು ಅಲ್ಲೇ ಕೈಬಿಟ್ಟೆ. ಎರಡನೆಯದು ಅದೇ ಗಾತ್ರದ ನೀಲಿ ಹ್ಯಾಚ್‌ಬ್ಯಾಕ್, ನಾಲ್ಕು ಬಾಗಿಲು. ಮನುಷ್ಯರು ಮನುಷ್ಯರಂತೆ ಹತ್ತಿ ಇಳಿಯಬಹುದು. ಎಂಜಿನ್ ಜೋರು ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು, ಬಾಗಿಲಿನ ತಗಡು ತೆಳು. ಮೂರನೆಯದು ಬಿಳಿ ಸೆಡಾನ್. ಒಳಗೆ ಕೂತರೆ ಹೊರಗಿನ ಲೋಕದ ಸದ್ದಿಲ್ಲ, ಸೀಟು ಹಾಸಿಗೆಯಂತಿದೆ, ಹಿಂದೆ ದೊಡ್ಡ ಡಿಕ್ಕಿ. ಒಳ್ಳೆಯ ಕಾರು. ಸುಳ್ಳು ಹೇಳಲಾರೆ.

ಮಾವ ಮೂರಕ್ಕೂ ಒಂದೊಂದು ಸುತ್ತು ಬಂದು, ಎದುರಿನ ಅಂಗಡಿಯಿಂದ ಎರಡು ಅಕ್ಕಿ ಮೂಟೆ ತರಿಸಿದರು. ಭಾರ ಹಾಕದೆ ಯಾವುದನ್ನೂ ನೋಡುವವರಲ್ಲ ಅವರು. ಬಿಳಿಯ ಡಿಕ್ಕಿಗೆ ಒಂದು ಮೂಟೆ ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಮುಚ್ಚಳ ಮುಚ್ಚಲಿಲ್ಲ. ನೀಲಿಯದರ ಬೆನ್ನಿನ ಬಾಗಿಲು ಎತ್ತಿ ಪೆರೇರಾ ಹಿಂದಿನ ಸೀಟನ್ನು ಪಟ್ಟನೆ ಮಡಚಿದ. ಎರಡೂ ಮೂಟೆ ಅಂಗಾತ ಮಲಗಿದವು, ಇನ್ನೂ ಜಾಗ ಉಳಿಯಿತು.

ಮಾವ ಒಳಗೆ ತಲೆಹಾಕಿ ನೋಡಿದರು. "ಅಲಲಾ! ಡಿಕ್ಕಿ ಇಲ್ಲ ಅಂದ್ಯಲ್ಲೇ, ಇದು ಇಡೀ ಮನೀನೇ ಡಿಕ್ಕಿ!"

"ಮೂಟೆ ಕೂತ್ರೆ ಮಂದಿ ಎಲ್ಲಿ ಕೂರ್ಬೇಕು?" ಅಂದರು ಭಾವ. ಒಳ್ಳೆಯ ಪ್ರಶ್ನೆ. ಅದಕ್ಕೇ ನಾನು ಜೋರಾಗಿ, "ಮೊದಲು ಏರು ಹತ್ತಿಸಿ ನೋಡೋಣ" ಎಂದೆ.

ಕೆರೆಯ ಮೇಲಿನ ಏರು

ಬಿಳಿ ಕಾರಿನ ಸರದಿ ಮೊದಲು. ಪೆರೇರಾ ಸ್ಟಿಯರಿಂಗ್ ಹಿಡಿದ. ಮಾವ ಅವನ ಪಕ್ಕ, ನಾವು ಮೂವರು ಹಿಂದೆ, ಡಿಕ್ಕಿಯಲ್ಲಿ ಒಂದು ಮೂಟೆ. ಕಾರು ಬೆಣ್ಣೆಯಂತೆ ಹತ್ತುತ್ತಿತ್ತು. ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಷ್ಟರಲ್ಲಿ ಕಾರು ಹಿಂದಿನಿಂದ ಯಾರೋ ಹಗ್ಗ ಜಗ್ಗಿದಂತೆ ಮುಗ್ಗರಿಸಿ, ಗೊಟಕ್ ಎಂದು ನಿಂತುಬಿಟ್ಟಿತು. ಸುಟ್ಟ ವಾಸನೆ. ಹಿಂದೆ ಬರುತ್ತಿದ್ದ ಲಾರಿಯವನು ಸಿಂಹಳದಲ್ಲಿ ನಮ್ಮ ವಂಶವನ್ನು ವಿಚಾರಿಸಿಕೊಂಡು ಹೋದ.

ನೋಡಿದರೆ ಮಾವ ಎರಡು ಸೀಟಿನ ನಡುವಿನ ಕೈಬ್ರೇಕನ್ನು ಮೇಲಕ್ಕೆಳೆದು ಹಿಡಿದು ಕೂತಿದ್ದಾರೆ!

"ಗಾಲಿ ಕಟ್ಟಿದ ಕೂಡ್ಲೆ ನಿಂತೇ ಬಿಡ್ತಲ್ಲ," ಅಂದರು ನಿರಾಳವಾಗಿ. "ಮೈ ಐತೆ, ಕಸುವಿಲ್ಲ."

ನಮ್ಮ ಕಡೆ ಎತ್ತು ಕೊಳ್ಳುವಾಗ ಹೀಗೊಂದು ಪರೀಕ್ಷೆಯಿದೆ. ಗಾಡಿಗೆ ಭಾರ ಹೇರಿ, ಗಾಲಿ ತಿರುಗದಂತೆ ಹಗ್ಗದಿಂದ ಕಟ್ಟಿ, ಎತ್ತಿನ ಕೈಲಿ ಎಳೆಸುತ್ತಾರೆ. ನಾಲ್ಕು ಹೆಜ್ಜೆ ಎಳೆದರೆ ಎತ್ತು, ಇಲ್ಲದಿದ್ದರೆ ಇಲ್ಲ. ಇದನ್ನು ನಾನು ಪೆರೇರಾನಿಗೆ ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು. ನನ್ನ ಜೀವನದ ಅತಿ ಕಷ್ಟದ ಭಾಷಣ ಅದು. ಆತ ಹಣೆ ಒರೆಸಿಕೊಂಡು, "ಇವರು ಹಲ್ಲೂ ನೋಡುತ್ತಾರೆಯೇ?" ಎಂದ.

ಮಾವನಿಗೆ ಹೇಳಿದೆ. "ಮುಂದಿನ ಜಾಲರಿ ಆಗ್ಲೇ ನೋಡೀನಿ ಅನ್ನು," ಅಂದರು.

ಈಗ ನನಗೊಂದು ಇಕ್ಕಟ್ಟು. ಬಿಳಿ ಕಾರು ಮಾವನ ಲೆಕ್ಕದಲ್ಲಿ ಸೋತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕ ಗೆದ್ದಂತೆ. ಆದರೆ ಕೈಬ್ರೇಕ್ ಹಾಕಿದರೆ ಯಾವ ಕಾರೂ ನಿಲ್ಲುತ್ತದೆ, ಅದು ಕಾರಿನ ತಪ್ಪಲ್ಲ. ಅಂಥ ಗೆಲುವು ನಾಳೆ ಭಾವ ಒಂದು ಮಾತಾಡಿದರೆ ಬಿದ್ದುಹೋಗುತ್ತದೆ. "ನೀಲಿಗೂ ಇದೇ ಪರೀಕ್ಷೆ ಆಗಬೇಕು ಮಾವ," ಎಂದೆ. ಅಕ್ಕ ನನ್ನ ತೊಡೆ ಚಿವುಟಿದಳು. ಈಗಲೂ ಕಲೆಯಿದೆ ಎಂದರೆ ನಂಬಬೇಡಿ, ಆಗ ಮಾತ್ರ ಜೋರಾಗಿ ಉರಿದಿತ್ತು.

ಅಂಗಡಿಗೆ ಮರಳಿದೆವು. ಪೆರೇರಾ ಕೈಜೋಡಿಸಿಬಿಟ್ಟ. ಈ ಹಿರಿಯರ ಪಕ್ಕ ಕೂತು ತಾನು ಇನ್ನೊಮ್ಮೆ ಓಡಿಸುವುದಿಲ್ಲವಂತೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಕೈಯಿಂದ ಕೀಲಿ ತೆಗೆದುಕೊಂಡಳು.

ನೀಲಿಯ ಸೀಟು ಎತ್ತಿ ನಿಲ್ಲಿಸಿ, ಅದರ ಬೆನ್ನಿಗೆ ಒಂದು ಮೂಟೆ ಇಟ್ಟೆವು. ಭಾವನಿಗೂ ನನಗೂ ಹಿಂದೆ ಜಾಗ ಸಿಕ್ಕಿತು. ಮಂದಿ ಎಲ್ಲಿ ಕೂರಬೇಕೆಂಬ ಪ್ರಶ್ನೆಗೆ ಇದೇ ಉತ್ತರ ಎಂದು ಹೇಳಬೇಕೆಂದಿದ್ದೆ, ಭಾವ ಮೊಣಕಾಲನ್ನು ಗದ್ದಕ್ಕೆ ತಾಗಿಸಿ ಕೂತದ್ದು ನೋಡಿ ಸುಮ್ಮನಾದೆ. ಎಂಜಿನ್ ಗಿರಣಿಯಂತೆ ಗರಗರ ಎನ್ನುತ್ತ ಹತ್ತಿತು. ಅದೇ ತಿರುವು ಬಂತು. ಮಾವನ ಕೈ ಕೈಬ್ರೇಕಿನ ಕಡೆ ಜಾರಿತು. ಅಕ್ಕ ರಸ್ತೆಯಿಂದ ಕಣ್ಣು ಕೀಳದೆ ಎಡಗೈಯಲ್ಲಿ ಆ ಕೈಯನ್ನು ಹಿಡಿದುಕೊಂಡಳು. ಕಾರನ್ನು ಬದಿಗೆ ತಂದು ನಿಲ್ಲಿಸಿ, ಬ್ರೇಕನ್ನು ತಾನೇ ಎಳೆದಳು.

"ಮಾವ, ಗಾಲಿ ಕಟ್ಟಿ ಎತ್ತು ನೋಡೋರು ಗಾಡಿ ಮ್ಯಾಲೆ ಕೂತಿರ್ತಾರೇನು?"

"ಇಲ್ಲ. ಕೆಳಗೆ ನಿಂತಿರ್ತಾರೆ."

"ಹಂಗಾರೆ ಇಳೀರಿ."

ಇಳಿದರು. ಇಳಿದವರು ಬದಿಗೆ ಹೋಗಲಿಲ್ಲ. ಕಾರಿನ ಹಿಂದಕ್ಕೆ ಬಂದು, ಗಾಲಿಯಿಂದ ಒಂದು ಗೇಣು ದೂರದಲ್ಲಿ, ಟವೆಲನ್ನು ಹೆಗಲಿಗೆ ಒಗೆದುಕೊಂಡು ನಿಂತರು. ಅವರ ಬೆನ್ನಿಗೆ ಇಳಿಜಾರು, ಅದರ ಬುಡದಲ್ಲಿ ಕೆರೆ.

"ಮಾವ, ಸರೀರಿ ಆ ಕಡೆ!" ಭಾವ ಕಿಟಕಿಯಿಂದ ಕೂಗಿದರು.

"ಇಲ್ಲಿ ನಿಂತ್ರೆ ತಾನೆ ಗೊತ್ತಾಗೋದು ಅಳಿಯಂದ್ರೇ, ಜಾರ್ತೈತೋ ಇಲ್ಲೋ. ನಿಮ್ಗೂ ಅದೇ ಅಲ್ಲೇನು ಅನುಮಾನ?"

ನಾನು ಇಳಿದು ಓಡಿದೆ. ಇದು ಪರೀಕ್ಷೆಯಲ್ಲ, ಹುಚ್ಚುತನ ಎಂದೆ. ಏನಾದರೂ ಆದರೆ ಅಕ್ಕ ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದೆ. ಅವ್ವನಿಗೆ ಏನು ಉತ್ತರ ಹೇಳಲಿ ಎಂದೆ. ಮಾವ ಎಲ್ಲವನ್ನೂ ಕೇಳಿಸಿಕೊಂಡು, "ಆತಾ? ಬಿಡು ಅನ್ನು ಗಾಡಿ," ಅಂದರು. ಷೀಲ್ಡು ಗೆದ್ದ ನಾಲಿಗೆಗೆ ಅಲ್ಲಿಗೆ ಮಾತು ಮುಗಿಯಿತು. ಅಕ್ಕನ ಮೇಲೆ ನನಗೆ ನಂಬಿಕೆ ಇದೆ ಎಂದು ಊರಿನಿಂದ ಹೇಳಿಕೊಂಡೇ ಬಂದಿದ್ದೆ. ಹೇಳಿದ್ದು ನಿಜವೇ ಆಗಿದ್ದರೆ ನಿಲ್ಲುವ ಜಾಗ ಒಂದೇ ಇತ್ತು. ಮಾವನ ಪಕ್ಕಕ್ಕೆ ಹೋಗಿ ನಿಂತೆ.

ಒಳಗಿನ ಕನ್ನಡಿಯಲ್ಲಿ ಅಕ್ಕನ ಕಣ್ಣು ಕಂಡವು. ಅವಳು ನಮಗೆ ಸರಿಯಿರೆಂದು ಕೂಗಲಿಲ್ಲ, ಅಳಲಿಲ್ಲ, ಭಾವನ ಕಡೆಗೂ ತಿರುಗಲಿಲ್ಲ. ಎಂಜಿನ್ ಏರಿತು. ಕಾರಿನ ಹಿಂಭಾಗ ಒಂಚೂರು ಕೆಳಕ್ಕೆ ಕುಗ್ಗಿ, ನಿಂತಲ್ಲೇ ನಡುಗಿತು. ಟಕ್ ಎಂದು ಬ್ರೇಕ್ ಕೆಳಗಿಳಿದ ಸದ್ದು. ನಾನು ನೋಡುತ್ತಿದ್ದದ್ದು ಬಲಗಡೆಯ ಗಾಲಿಯನ್ನು ಮಾತ್ರ. ಅದು ನಮ್ಮ ಕಡೆಗೆ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಮೇಲಕ್ಕೆ ತಿರುಗಿತು. ಒಂದಿಷ್ಟು ಜಲ್ಲಿ ನಮ್ಮ ಕಾಲಿಗೆ ಸಿಡಿಯಿತು, ಕಾರು ತಿರುವು ದಾಟಿ ಮರೆಯಾಯಿತು.

ಮಾವ ಕಾಲಿಗಂಟಿದ ಮಣ್ಣು ಕೊಡವಿಕೊಂಡರು. "ಬಿಳೀದು ಕೆಟ್ಟ ಕಾರಲ್ಲ ಕಣೇ. ಆದ್ರೆ ಅದು ಕೂರೋರ ಕಾರು. ಇದು ಹೊಡಿಯೋರ ಕಾರು."

"ಸದ್ದು ಜಾಸ್ತಿ ಮಾವ ಇದ್ರದ್ದು. ತಗಡೂ ತೆಳು."

"ಥೂ, ನೀನು ಯಾರ ಕಡೆ?"

ಅಂಗಡಿ, ಮತ್ತೆ ಶಾಲೆ

ಭಾವ ಇಳಿದವರೇ ಮೊಣಕಾಲು ನೀವಿಕೊಂಡು, "ಜಾರಲಿಲ್ಲ," ಅಂದರು. ಎದುರು ಪಕ್ಷದಿಂದ ಇಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಆಮೇಲೆ ಕೇಳಿದರು: "ಇದನ್ನ ನೀನು ತಗಂಡು ಹೋದ್ರೆ ನಾನು ಸೈಟಿಗೆ ಹೆಂಗೆ ಹೋಗ್ಲಿ?"

"ಈಗ ಹೆಂಗೆ ಹೋಗ್ತಿದೀರಿ? ಜೀಪ್ನಾಗೆ. ಹಂಗೇ ಹೋಗ್ರಿ," ಅಂದಳು ಅಕ್ಕ.

"ದೊಡ್ಡೋರು ಬಂದ್ರೆ?"

"ನಾನೇ ಕರ್ಕಂಡು ಬರ್ತೀನಿ. ಹೆದರ್ಕಂಡಾದ್ರೂ ಬೇಗ ವಾಪಸ್ ಹೋಗ್ತಾರೆ."

ಭಾವ ನಕ್ಕರು. ನಕ್ಕ ಮೇಲೆ ಸೋಲು ಅಷ್ಟೇನೂ ಕಾಣುವುದಿಲ್ಲ.

ಬರವಣಿಗೆ, ಸಹಿ ಎಲ್ಲ ಮುಗಿದ ದಿನ ಪೆರೇರಾ ಕೀಲಿಯನ್ನು ಭಾವನ ಕಡೆ ಚಾಚಿದ. ಮಾವ ಅಡ್ಡ ಬಂದರು. ನಮ್ಮಲ್ಲಿ ಎತ್ತಿನ ಹಗ್ಗವನ್ನು ಬರಿಗೈಯಿಂದ ಬರಿಗೈಗೆ ಕೊಡುವುದಿಲ್ಲ. ಹೆಗಲ ಟವೆಲನ್ನು ಎರಡೂ ಅಂಗೈ ಮೇಲೆ ಹರವಿ ಅದರೊಳಗೆ ಕೀಲಿ ಹಾಕಿಸಿಕೊಂಡರು. ಪೆರೇರಾ ನನ್ನ ಮುಖ ನೋಡಿದ. ಈ ಸಲ ನಾನು ಅನುವಾದ ಮಾಡಲಿಲ್ಲ, ಅವನಿಗೆ ಅರ್ಥವಾದಂತಿತ್ತು. ಮಾವ ಟವೆಲ್ ಸಮೇತ ತಿರುಗಿ ಅಕ್ಕನ ಮುಂದೆ ಹಿಡಿದರು.

"ಶಾಲಿ ತೆಗೆದಿರ್ತೈತೇನವ್ವ ಈಗ?"

"ತೆಗೆದಿರ್ತೈತೆ ಮಾವ."

"ಹಂಗಾರೆ ನಡೀರಿ, ಹೇಳಿ ಬಂದುಬಿಡಾನ. ಅಳಿಯಂದ್ರೇ, ನೀವು ಮುಂದೆ ಕೂತ್ಕಳ್ರಿ."

ಶಾಲೆಯ ಗೇಟಿನಲ್ಲಿ ಖಾಕಿ ತೊಟ್ಟ ಕಾವಲುಗಾರ ಹೊಸ ಕಾರು ಕಂಡು ಓಡಿಬಂದ. ಮೇಡಂ ಹಿಂದೆ ಕೂತಿರುತ್ತಾರೆಂದು ಹಿಂದಿನ ಬಾಗಿಲು ತೆರೆದು ಸೆಲ್ಯೂಟ್ ಹೊಡೆದ. ಮಾವ ಧೋತರ ಸರಿಪಡಿಸಿಕೊಳ್ಳುತ್ತ ಇಳಿದು, ಅವನಿಗೆ ತಿರುಗಿ ಕೈಮುಗಿದರು. ಆತ ಗಲಿಬಿಲಿಗೊಂಡು ಮುಂದಿನ ಬಾಗಿಲಿಗೆ ಓಡಿದ. ಅಲ್ಲಿಂದ ಭಾವ ಇಳಿದರು. ಇಳಿದವರು ಕಾರಿನ ಮೇಲಿಂದ ಆಚೆಗೆ ಬೆರಳು ತೋರಿಸಿದರು. ಅಕ್ಕ ಆಗಲೇ ತನ್ನ ಬಾಗಿಲು ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು, ಮುಖ್ಯೋಪಾಧ್ಯಾಯಿನಿಯ ಕೋಣೆಯ ಮೆಟ್ಟಿಲು ಹತ್ತುತ್ತಿದ್ದಳು.